ಅರ್ಥಿಂಗ್ ಇದೆಯೇ ಎಂದು ಕೇಳಬೇಡಿ, ಎಷ್ಟು ಓಮ್ ಇದೆ ಎಂದು ಕೇಳಿ: ಒಂದು ಬಹಿರಂಗ ಪತ್ರ

ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳ ವಿದ್ಯುತ್ ಪರಿವೀಕ್ಷಕರಿಗೆ, ಈ ಭಾಗಕ್ಕೆ ವಿದ್ಯುತ್ ಸರಬರಾಜು ಮಾಡುವ ಜೆಸ್ಕಾಂ ಕಂಪನಿಯ ಅಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಗಳ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಹಾಗೂ ಈ ಭಾಗದಲ್ಲಿ ಮನೆ ಕಟ್ಟಿಸುತ್ತಿರುವ ಎಲ್ಲ ಬಂಧುಗಳಿಗೆ

ಮಾನ್ಯರೇ,

ನಮ್ಮ ಜಿಲ್ಲೆಗಳಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಅಟ್ಟದ ಮೇಲಿದ್ದ ತಗಡಿನ ಕೂಲರುಗಳು ಕೆಳಗಿಳಿಯುತ್ತವೆ. ಅವುಗಳಿಗೆ ಹೊಸ ಹುಲ್ಲು ಕಟ್ಟಿ, ನೀರು ತುಂಬಿ, ಕಿಟಕಿಯ ಕಬ್ಬಿಣದ ಸರಳುಗಳಿಗೆ ಒರಗಿಸಿ ಇಡುತ್ತೇವೆ. ನೀರು, ತಗಡು, ವಿದ್ಯುತ್ತು ಮತ್ತು ಬರಿಗಾಲಿನ ಮಕ್ಕಳು ಒಂದೇ ಕಡೆ ಸೇರುವ ಈ ಮೂರು ತಿಂಗಳುಗಳಲ್ಲಿ ಅನೇಕ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ಕೂಲರ್ ಮುಟ್ಟಿದರೆ ಜುಂ ಅಂತದ, ಮುಟ್ಟಬ್ಯಾಡ." ಮನೆಯ ಹಿರಿಯರು ಅದನ್ನು ಕೂಲರಿನ ಸ್ವಭಾವವೆಂಬಂತೆ ಹೇಳುತ್ತಾರೆ, ಮಕ್ಕಳು ಹಾಗೆಯೇ ನಂಬುತ್ತಾರೆ. ಅದು ಸ್ವಭಾವವಲ್ಲ. ಒಳಗಿನ ತಂತಿಯ ಹೊದಿಕೆ ಎಲ್ಲೋ ಹಾಳಾಗಿ ಫೇಸ್, ಅಂದರೆ ವಿದ್ಯುತ್ತನ್ನು ತರುವ ತಂತಿ, ತಗಡಿಗೆ ತಾಗಿದೆ ಅಥವಾ ತೇವದ ಮೂಲಕ ಸೋರುತ್ತಿದೆ, ಮತ್ತು ಹಾಗೆ ಸೋರಿದ ವಿದ್ಯುತ್ತಿಗೆ ಹಿಂದಿರುಗುವ ದಾರಿಯನ್ನು ಆ ಮನೆಯ ಅರ್ಥಿಂಗ್, ಅಂದರೆ ಉಪಕರಣದ ಲೋಹದ ಮೈಯನ್ನು ಭೂಮಿಗೆ ಜೋಡಿಸುವ ವ್ಯವಸ್ಥೆ, ಕೊಡುತ್ತಿಲ್ಲ ಎಂಬುದೇ ಅದರ ಅರ್ಥ.

ಐಟಿಐನಲ್ಲಿ ಎಲೆಕ್ಟ್ರಿಷಿಯನ್ ವಿದ್ಯಾರ್ಥಿಗಳಿಗೆ ಪಾಠ ಹೇಳಿ ನಿವೃತ್ತನಾದ ನಾನು ಈ ಪತ್ರವನ್ನು ಒಂದು ಬೇಡಿಕೆಗಾಗಿ ಬರೆಯುತ್ತಿದ್ದೇನೆ. ಯಾವುದೇ ಮನೆಗೆ, ಶಾಲೆಗೆ, ನೀರಿನ ಘಟಕಕ್ಕೆ ವಿದ್ಯುತ್ ಸಂಪರ್ಕ ಕೊಡುವ ಮುನ್ನ ಅಲ್ಲಿ ಅರ್ಥ್ ಗುಂಡಿ ಇದೆಯೇ ಎಂದು ನೋಡುವುದಷ್ಟೇ ಸಾಲದು. ಅದರ ರೋಧವನ್ನು, ಅಂದರೆ ವಿದ್ಯುತ್ತಿನ ಹರಿವಿಗೆ ಅದು ಒಡ್ಡುವ ತಡೆಯನ್ನು, ಓಮ್ ಎಂಬ ಮಾನದಲ್ಲಿ ಉಪಕರಣದಿಂದ ಅಳೆದು, ಬಂದ ಅಂಕಿಯನ್ನು ದಿನಾಂಕದೊಂದಿಗೆ ಬರೆದಿಡಬೇಕು, ಮತ್ತು ಸೋರುವಿಕೆಯನ್ನು ಗ್ರಹಿಸಿ ಸಂಪರ್ಕ ಕಡಿಯುವ ಸಾಧನವನ್ನು ಪ್ರತಿಯೊಂದು ಸಂಪರ್ಕಕ್ಕೂ, ಅದೆಷ್ಟೇ ಚಿಕ್ಕದಿದ್ದರೂ, ಅಳವಡಿಸಬೇಕು. ಹೀಗೆ ಕೇಳುವುದಕ್ಕೆ ಕಾರಣಗಳನ್ನು ತಾಂತ್ರಿಕ ಹಿನ್ನೆಲೆ ಇಲ್ಲದವರಿಗೂ ತಿಳಿಯುವಂತೆ ವಿವರಿಸಲು ಅನುಮತಿ ಬೇಡುತ್ತೇನೆ.

ಅರ್ಥಿಂಗ್ ಎಂದರೆ ಕೆಟ್ಟ ಕರೆಂಟನ್ನು ಭೂಮಿಯೊಳಗೆ ಇಂಗಿಸಿಬಿಡುವುದು ಎಂಬ ತಿಳಿವಳಿಕೆ ನಮ್ಮಲ್ಲಿ ಬಹಳ ಆಳವಾಗಿ ಬೇರೂರಿದೆ. ವಿದ್ಯುತ್ತು ಎಲ್ಲಿಯೂ ಇಂಗುವುದಿಲ್ಲ. ಅದು ಹೊರಟ ಟಿ.ಸಿ.ಗೇ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿಗೇ, ಮರಳಿ ಸೇರಬೇಕು, ಸೇರಿದರೆ ಮಾತ್ರ ಹರಿಯುತ್ತದೆ. ನಮ್ಮ ಊರಿನ ಟಿ.ಸಿ.ಯ ನ್ಯೂಟ್ರಲನ್ನು, ಅಂದರೆ ವಿದ್ಯುತ್ತು ಮರಳುವ ತಂತಿಯನ್ನು, ಕಂಬದ ಬುಡದಲ್ಲಿ ಭೂಮಿಗೆ ಜೋಡಿಸಿರುತ್ತಾರೆ. ಆದ್ದರಿಂದ ಫೇಸ್ ತಾಗಿದ ತಗಡನ್ನು ಮುಟ್ಟಿದ ಮನುಷ್ಯನ ಮೈಯಿಂದ ನೆಲಕ್ಕಿಳಿದ ವಿದ್ಯುತ್ತು ಮಣ್ಣಿನ ಮೂಲಕವೇ ಆ ಕಂಬದ ಬುಡವನ್ನು ಸೇರಿ ತನ್ನ ಸುತ್ತನ್ನು ಪೂರ್ತಿ ಮಾಡಿಕೊಳ್ಳುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವನ ಒಟ್ಟು ರೋಧ ಒಂದೂವರೆ ಸಾವಿರ ಓಮ್ ಎಂದು ಹಿಡಿದರೆ, 230 ವೋಲ್ಟಿಗೆ ಅವನ ಮೈಯಲ್ಲಿ ಹರಿಯುವುದು ಸುಮಾರು 150 ಮಿಲಿಆಂಪಿಯರ್. ಹತ್ತು ಮಿಲಿಆಂಪಿಯರಿನ ಆಸುಪಾಸಿನಲ್ಲಿಯೇ ಕೈಯ ಸ್ನಾಯುಗಳು ಸೆಟೆದು ಹಿಡಿದದ್ದನ್ನು ಬಿಡಲಾಗದಂತೆ ಆಗುತ್ತದೆ. ಮೂವತ್ತನ್ನು ದಾಟಿ ಕೆಲವು ಕ್ಷಣ ಹರಿದರೆ ಉಸಿರಾಟಕ್ಕೆ ಅಪಾಯ, ಐವತ್ತರಿಂದ ನೂರು ದಾಟಿದಾಗ ಹೃದಯ ತನ್ನ ಲಯ ತಪ್ಪಿ ಬರಿದೇ ಅದುರತೊಡಗುವ ಸಾಧ್ಯತೆ. ಈ 150 ಮಿಲಿಆಂಪಿಯರನ್ನು ನಮ್ಮ ಮನೆಯ ಎಂಸಿಬಿ, ಅಂದರೆ ಹೊರೆ ಮಿತಿ ಮೀರಿದಾಗ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ಚು, ಗಮನಿಸುವುದೂ ಇಲ್ಲ. 16 ಆಂಪಿಯರಿನ ಎಂಸಿಬಿಗೆ ಅದು ತನ್ನ ಮಿತಿಯ ನೂರರಲ್ಲಿ ಒಂದು ಪಾಲು ಮಾತ್ರ. ಎಂಸಿಬಿ ಇರುವುದು ತಂತಿಗಳು ಸುಡದಂತೆ ಕಾಯಲು. ಮನುಷ್ಯನನ್ನು ಕಾಯುವ ಕೆಲಸವನ್ನು ಅದೊಂದಕ್ಕೇ ಯಾರೂ ಒಪ್ಪಿಸಿಲ್ಲ.

ಹಾಗಾದರೆ ಹಿತ್ತಲಲ್ಲಿ ಗುಂಡಿ ತೋಡಿ, ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪು ನಿಲ್ಲಿಸಿ, ಉಪ್ಪು ಮತ್ತು ಇದ್ದಿಲು ತುಂಬಿ, ಅರ್ಥಿನ ಹಸಿರು ತಂತಿ ಎಳೆದ ಮನೆ ಸುರಕ್ಷಿತವೇ? ಇಲ್ಲಿಯೇ ಲೆಕ್ಕ ಹಾಕಿ ನೋಡಬೇಕು. ಆ ಗುಂಡಿಯ ರೋಧ 20 ಓಮ್ ಇದೆ, ಟಿ.ಸಿ.ಯ ನ್ಯೂಟ್ರಲ್ ಗುಂಡಿಯದು 3 ಓಮ್ ಇದೆ ಎಂದುಕೊಳ್ಳೋಣ. ಕೂಲರಿನ ಫೇಸ್ ತಗಡಿಗೆ ಪೂರ್ತಿ ತಾಗಿದಾಗ ಈ ದಾರಿಯಲ್ಲಿ ಹರಿಯುವುದು 230ನ್ನು 23ರಿಂದ ಭಾಗಿಸಿದಷ್ಟು, ಅಂದರೆ 10 ಆಂಪಿಯರ್. 16 ಆಂಪಿಯರಿನ ಎಂಸಿಬಿ ಈ ಹೊರೆಯನ್ನು ಹಗಲಿರುಳು ಹೊತ್ತು ನಿಲ್ಲುತ್ತದೆ, ಬೀಳುವುದಿಲ್ಲ, ಅಂದರೆ ಸಂಪರ್ಕ ಕಡಿಯುವುದಿಲ್ಲ. ಅಷ್ಟು ಹೊತ್ತೂ ಕೂಲರಿನ ತಗಡಿನ ಮೇಲೆ 10 ಆಂಪಿಯರ್ ಗುಣಿಸು 20 ಓಮ್, ಅಂದರೆ 200 ವೋಲ್ಟ್ ನಿಂತಿರುತ್ತದೆ. ಅರ್ಥಿಂಗ್ ಇದ್ದೂ ತಗಡು 200 ವೋಲ್ಟಿನಲ್ಲಿರುತ್ತದೆ ಎಂಬ ಈ ಒಂದು ಸಂಗತಿಯನ್ನು ಪ್ರತಿಯೊಬ್ಬ ಮನೆಯ ಯಜಮಾನರೂ ಪ್ರತಿಯೊಬ್ಬ ವೈರ್‌ಮನ್ನರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ನಾನು ಕೈಮುಗಿದು ಕೇಳುತ್ತೇನೆ. ಅಷ್ಟೇ ಅಲ್ಲ, ಈ ಸೋರುವಿಕೆ ಮೀಟರಿನ ಮೂಲಕವೇ ಹಾದುಹೋಗುವುದರಿಂದ ಬಿಲ್ಲೂ ಏರುತ್ತದೆ, ಗುಂಡಿಯೊಳಗೆ ಹುಟ್ಟುವ ಶಾಖಕ್ಕೆ ಮಣ್ಣು ಒಣಗಿ ರೋಧ ಇನ್ನಷ್ಟು ಹೆಚ್ಚುತ್ತದೆ.

ಇದೇ ಹಸಿರು ತಂತಿಗೆ ಮಣ್ಣಿನ ಬದಲು ಲೋಹದ ದಾರಿ ಸಿಕ್ಕರೆ ಚಿತ್ರವೇ ಬದಲಾಗುತ್ತದೆ. ವಿದ್ಯುತ್ ಸರಬರಾಜು ಮಾಡುವವರು ಮೀಟರಿನ ಹತ್ತಿರವೇ ಒಂದು ಅರ್ಥ್ ಟರ್ಮಿನಲ್ ಒದಗಿಸಿ, ಅದನ್ನು ಟಿ.ಸಿ.ಯ ನ್ಯೂಟ್ರಲ್ ಬಿಂದುವಿನವರೆಗೆ ತಂತಿಯಿಂದಲೇ ಜೋಡಿಸಿದ್ದಲ್ಲಿ, ಸುತ್ತಿನ ರೋಧ ಒಂದು ಓಮಿನಷ್ಟಕ್ಕೆ ಇಳಿಯುತ್ತದೆ. ಆಗ ದೋಷದ ಹೊತ್ತಿನಲ್ಲಿ ಇನ್ನೂರಕ್ಕೂ ಹೆಚ್ಚು ಆಂಪಿಯರ್ ನುಗ್ಗಿ ಎಂಸಿಬಿ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಬಳಕೆದಾರರ ಆವರಣದಲ್ಲಿ ಇಂಥ ಟರ್ಮಿನಲನ್ನು ಒದಗಿಸಿ ಸುಸ್ಥಿತಿಯಲ್ಲಿ ಇಡುವುದು ಸರಬರಾಜುದಾರರ ಹೊಣೆ ಎಂದು 1956ರ ಭಾರತೀಯ ವಿದ್ಯುತ್ ನಿಯಮಗಳ 33ನೆಯ ನಿಯಮವೇ ಹೇಳಿತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿಯಲ್ಲಿಯೂ ಆ ಹೊಣೆ ಮುಂದುವರಿಯಿತು. ಮನೆ ಕಟ್ಟಿಸುವ ಬಹುಪಾಲು ಜನರಿಗೆ ತಾವು ಇದನ್ನು ಕೇಳಬಹುದು ಎಂಬುದೇ ಗೊತ್ತಿಲ್ಲ. ಕೇಳಿರಿ ಎಂದು ಅವರಿಗೆ ಹೇಳುತ್ತೇನೆ. ಕೇಳಿದವರಿಗೆ ಕೊಡಿರಿ, ಕೇಳದವರಿಗೂ ಕೊಡಿರಿ ಎಂದು ಅಧಿಕಾರಿಗಳಲ್ಲಿ ವಿನಂತಿಸುತ್ತೇನೆ.

ಇಂಥ ಲೋಹದ ದಾರಿ ಇಲ್ಲದ ಕಡೆ ಜೀವ ಉಳಿಸುವುದು ಒಂದೇ ಸಾಧನ. ನಮ್ಮ ಅಂಗಡಿಗಳಲ್ಲಿ ಅದನ್ನು ಇಎಲ್‌ಸಿಬಿ ಎಂದೇ ಕೇಳುತ್ತಾರೆ, ಪೆಟ್ಟಿಗೆಯ ಮೇಲೆ ಆರ್‌ಸಿಸಿಬಿ ಎಂದು ಬರೆದಿರುತ್ತದೆ. ಫೇಸಿನಲ್ಲಿ ಹೋದಷ್ಟೇ ವಿದ್ಯುತ್ತು ನ್ಯೂಟ್ರಲಿನಲ್ಲಿ ಮರಳಿತೇ ಎಂಬುದನ್ನು ಅದು ಸದಾ ಹೋಲಿಸುತ್ತಿರುತ್ತದೆ. 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಬಂದರೆ, ಅಂದರೆ ಅಷ್ಟು ವಿದ್ಯುತ್ತು ಬೇರೆ ದಾರಿಯಲ್ಲಿ ಹೋಯಿತೆಂದರೆ, ಸೆಕೆಂಡಿನ ಒಂದು ಭಾಗದೊಳಗೆ ಎರಡೂ ತಂತಿಗಳನ್ನು ಕಡಿದುಬಿಡುತ್ತದೆ. ಮೇಲೆ ಹೇಳಿದ 20 ಓಮಿನ ಗುಂಡಿಯಲ್ಲಿ 10 ಆಂಪಿಯರ್ ಸೋರುವಾಗ ಅದು ತಕ್ಷಣ ಬೀಳುತ್ತದೆ, ಗುಂಡಿಯ ರೋಧ 500 ಓಮ್ ಇದ್ದರೂ ಬೀಳುತ್ತದೆ. ಆದರೆ ಈ ಕಾರಣಕ್ಕೆ ಗುಂಡಿಯನ್ನು ಅಲಕ್ಷಿಸಬಾರದು. ಅರ್ಥ್ ತಂತಿಯೇ ಇಲ್ಲದ ಕೂಲರಿನಲ್ಲಿ ಆ ವ್ಯತ್ಯಾಸ ಹುಟ್ಟುವುದು ಯಾರಾದರೂ ಮುಟ್ಟಿದ ಮೇಲೆಯೇ. ಅರ್ಥ್ ತಂತಿ ಇದ್ದರೆ ಯಾರೂ ಮುಟ್ಟುವ ಮೊದಲೇ ಅದು ಬಿದ್ದಿರುತ್ತದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವರನ್ನು ಈ ಸಾಧನವೂ ಕಾಪಾಡಲಾರದು, ಏಕೆಂದರೆ ಅದರ ಲೆಕ್ಕದಲ್ಲಿ ಹೋದದ್ದೆಲ್ಲ ಮರಳಿ ಬಂದಿರುತ್ತದೆ. ಸಾಧನದ ಮೇಲಿನ 'ಟಿ' ಎಂಬ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒತ್ತಿದಾಗ ಬೀಳದಿದ್ದರೆ ಬದಲಿಸಬೇಕು.

ಇನ್ವರ್ಟರ್ ಹಾಕಿಸಿದ ಮನೆಗಳಲ್ಲಿ ಈ ಸಾಧನ ಪದೇ ಪದೇ ಬೀಳುತ್ತದೆಂದು ಅದನ್ನು ತೆಗೆಸಿ ನೇರ ಸಂಪರ್ಕ ಮಾಡಿಸಿರುವುದನ್ನು ಬಹಳ ಕಡೆ ನೋಡಿದ್ದೇನೆ. ಸಾಮಾನ್ಯವಾಗಿ ಅಲ್ಲಿ ದೋಷ ಸಾಧನದ್ದಲ್ಲ. ಇನ್ವರ್ಟರಿನ ನ್ಯೂಟ್ರಲನ್ನೂ ಮುಖ್ಯ ಸಂಪರ್ಕದ ನ್ಯೂಟ್ರಲನ್ನೂ ಎಲ್ಲೋ ಒಂದು ಸ್ವಿಚ್ ಬೋರ್ಡಿನಲ್ಲಿ ಕೂಡಿಸಿರುತ್ತಾರೆ, ಹೋದ ವಿದ್ಯುತ್ತು ಬೇರೆ ದಾರಿಯಲ್ಲಿ ಮರಳುತ್ತದೆ, ಸಾಧನ ಅದನ್ನು ಸೋರುವಿಕೆಯೆಂದೇ ತಿಳಿಯುತ್ತದೆ. ಇನ್ವರ್ಟರಿನ ಸಾಲಿಗೆ ಪ್ರತ್ಯೇಕ ನ್ಯೂಟ್ರಲ್ ಎಳೆದರೆ ತೊಂದರೆ ಮುಗಿಯುತ್ತದೆ. ಗೋಡೆ ಒಡೆಯುವ ಅರ್ಧ ದಿನದ ಕೆಲಸ ತಪ್ಪಿಸಿಕೊಳ್ಳಲು ಮನೆಯವರ ಜೀವರಕ್ಷಣೆಯನ್ನೇ ಕಿತ್ತಿಡುವುದು ನನ್ನ ದೃಷ್ಟಿಯಲ್ಲಿ ಗಂಭೀರವಾದ ವೃತ್ತಿದೋಷ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಇದೇ ಮಾತು.

ಈಗ ಅಳತೆಯ ವಿಷಯಕ್ಕೆ ಬರುತ್ತೇನೆ. ಅರ್ಥಿಂಗ್ ಸರಿಯಿದೆಯೇ ಎಂದು ನೋಡಲು ನಮ್ಮ ವೈರ್‌ಮನ್ನರು ಮಾಡುವುದು ಒಂದೇ ಪರೀಕ್ಷೆ: ಹೋಲ್ಡರಿಗೆ 100 ವ್ಯಾಟಿನ ಬಲ್ಬು ಸಿಗಿಸಿ, ಒಂದು ತಂತಿಯನ್ನು ಫೇಸಿಗೂ ಇನ್ನೊಂದನ್ನು ಅರ್ಥಿಗೂ ಹಿಡಿಯುವುದು. ಬಲ್ಬು ಪ್ರಕಾಶವಾಗಿ ಉರಿದರೆ "ಅರ್ಥಿಂಗ್ ಚಲೋ ಅದ" ಎಂದು ತೀರ್ಪು ಕೊಡುವುದು. ಉರಿಯುತ್ತಿರುವ 100 ವ್ಯಾಟಿನ ಬಲ್ಬಿನ ರೋಧವೇ 529 ಓಮ್. ಅದಕ್ಕೆ 50 ಓಮಿನ ಕೆಟ್ಟ ಗುಂಡಿಯನ್ನು ಜೋಡಿಸಿದರೂ ಬಲ್ಬಿಗೆ 210 ವೋಲ್ಟ್ ಸಿಗುತ್ತದೆ, ಬೆಳಕಿನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಬಹಳ ಕಡಿಮೆ. ಎಲ್ಇಡಿ ಬಲ್ಬು ಬಳಸಿದರಂತೂ ಇನ್ನೂ ಮೋಸ, ಅದು ಅತಿ ಕಡಿಮೆ ಕರೆಂಟಿನಲ್ಲಿಯೇ ಹೊತ್ತಿಕೊಳ್ಳುತ್ತದೆ. ಬಲ್ಬು ತಿಳಿಸುವುದು ತಂತಿ ಪೂರ್ತಿ ತುಂಡಾಗಿಲ್ಲ ಎಂಬುದನ್ನು ಮಾತ್ರ. ಗುಂಡಿ ಆಪತ್ತಿನ ಹೊತ್ತಿಗೆ ಕೆಲಸ ಮಾಡುತ್ತದೆಯೇ ಎಂಬುದನ್ನು ಅದು ಹೇಳಲಾರದು.

ಸರಿಯಾದ ಅಳತೆಗೆ ಅರ್ಥ್ ಟೆಸ್ಟರ್ ಬೇಕು. ಗುಂಡಿಯ ಸಂಪರ್ಕವನ್ನು ಬಿಚ್ಚಿ, ಅದರಿಂದ ದೂರದಲ್ಲಿ ಒಂದು ಗೂಟ, ನಡುವೆ ಇನ್ನೊಂದು ಗೂಟ ನೆಟ್ಟು ಅಳೆಯುತ್ತಾರೆ. ನಡುವಿನ ಗೂಟ ಒಟ್ಟು ದೂರದ ನೂರಕ್ಕೆ 62ರಷ್ಟು ದೂರದಲ್ಲಿ ಇರಬೇಕು, ಮತ್ತು ಅದನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿದರೂ ಅಂಕಿ ಹೆಚ್ಚು ಬದಲಾಗಬಾರದು. ಬದಲಾದರೆ ಗೂಟಗಳು ಇನ್ನೂ ದೂರ ಹೋಗಬೇಕೆಂದು ತಿಳಿಯಬೇಕು. ಭಾರತೀಯ ಮಾನಕ ಐಎಸ್ 3043 ಈ ಕ್ರಮಗಳನ್ನೆಲ್ಲ ವಿವರಿಸುತ್ತದೆ. ಅದು 1966ರಲ್ಲಿ ಮೊದಲು ಬಂದು, 1987ರಲ್ಲಿ ಮತ್ತು 2018ರಲ್ಲಿ ಪರಿಷ್ಕೃತಗೊಂಡಿದೆ. ಪರವಾನಗಿ ಪಡೆದ ಗುತ್ತಿಗೆದಾರರು ಸಂಪರ್ಕಕ್ಕೆ ಮುನ್ನ ಸಲ್ಲಿಸುವ ಕಂಪ್ಲೀಷನ್ ರಿಪೋರ್ಟಿನಲ್ಲಿ ಹೀಗೆ ಅಳೆದ ಅಂಕಿ, ಅಳೆದ ದಿನಾಂಕ, ಉಪಕರಣದ ಹೆಸರು ಇರುವುದು ಕಡ್ಡಾಯವಾಗಬೇಕು, ಮತ್ತು ಅಂಥ ವರದಿಗಳಲ್ಲಿ ಕೆಲವನ್ನಾದರೂ ಆಯ್ದು ಸ್ಥಳಕ್ಕೆ ಹೋಗಿ ಮತ್ತೆ ಅಳೆದು ನೋಡಬೇಕು. ಒಂದು ಉಪವಿಭಾಗಕ್ಕೆ ಒಂದು ಟೆಸ್ಟರ್ ಇದ್ದು, ಅದನ್ನು ಗುತ್ತಿಗೆದಾರರಿಗೆ ಬಾಡಿಗೆಗೆ ಕೊಡುವ ವ್ಯವಸ್ಥೆಯಾದರೂ ಸಾಕು.

ಯಾವ ತಿಂಗಳಲ್ಲಿ ಅಳೆಯಬೇಕು ಎಂಬುದು ನಮ್ಮ ನೆಲದಲ್ಲಿ ಬಹಳ ಮುಖ್ಯ. ರಾಯಚೂರು, ಸಿಂಧನೂರು, ಸಿರುಗುಪ್ಪ ಕಡೆಯ ಎರೆ ಭೂಮಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿದಾಗ ವಿದ್ಯುತ್ತನ್ನು ಬಹಳ ಚೆನ್ನಾಗಿ ಒಯ್ಯುತ್ತದೆ. ಸೆಪ್ಟೆಂಬರಿನಲ್ಲಿ ಅಳೆದರೆ ಯಾವ ಗುಂಡಿಯಾದರೂ ಉತ್ತೀರ್ಣವಾಗಬಹುದು. ಅದೇ ಎರೆ ಏಪ್ರಿಲ್, ಮೇ ತಿಂಗಳಲ್ಲಿ ಬಿರುಕು ಬಿಟ್ಟು, ಕುಗ್ಗಿ, ಪೈಪಿನ ಮೈಯಿಂದಲೇ ದೂರ ಸರಿಯುತ್ತದೆ. ಪೈಪಿಗೂ ಮಣ್ಣಿಗೂ ನಡುವೆ ಗಾಳಿ ಸೇರುತ್ತದೆ, ರೋಧ ಹಲವು ಪಟ್ಟು ಏರುತ್ತದೆ. ಕೂಲರುಗಳು ಓಡುವುದೂ ಆಗಲೇ. ಆದ್ದರಿಂದ ಅಳತೆ ಬೇಸಿಗೆಯಲ್ಲಿ ಆಗಬೇಕು, ಮತ್ತು ಗುಂಡಿಯ ಬಾಯಿಗೆ ಇಟ್ಟಿರುವ ಕೊಳವೆಯಲ್ಲಿ ಬೇಸಿಗೆಯುದ್ದಕ್ಕೂ ನೀರು ಹೊಯ್ಯಬೇಕು. ಬಚ್ಚಲ ನೀರು ಹರಿಯುವ ಕಡೆ ಗುಂಡಿಯನ್ನು ತೋಡಿಸಿದರೆ ಈ ನೆನಪೇ ಬೇಕಾಗದು, ಆದರೆ ಕಟ್ಟಡದ ಗೋಡೆಯಿಂದ ಒಂದೂವರೆ ಮೀಟರಾದರೂ ದೂರವಿರಲಿ. ಉಪ್ಪಿನ ಬಗ್ಗೆ ಒಂದು ಮಾತು: ಅದು ಒಂದೆರಡು ವರ್ಷ ಅಂಕಿಯನ್ನು ಇಳಿಸುತ್ತದೆ, ಜೊತೆಗೆ ಜಿ.ಐ. ಪೈಪನ್ನು ತಿನ್ನುತ್ತಲೂ ಇರುತ್ತದೆ. ಹತ್ತು ವರ್ಷದ ಹಿಂದಿನ ಗುಂಡಿಯನ್ನು ಅಗೆದು ನೋಡಿದರೆ ಪೈಪಿನ ಬದಲು ತುಕ್ಕಿನ ಪುಡಿ ಸಿಕ್ಕಬಹುದು. ಉಪ್ಪಿನ ಬದಲು ಬೆಂಟೊನೈಟ್ ಜೇಡಿ ತುಂಬಿಸುವುದು ಮೇಲು.

ಕೊಪ್ಪಳ, ಗಂಗಾವತಿ, ಆನೆಗೊಂದಿಯ ಸುತ್ತಲಿನ ಕಥೆ ಬೇರೆ. ಮೇಲೆ ಎರಡಡಿ ಮಸಾರಿ ಮಣ್ಣು, ಕೆಳಗೆ ಕಣಶಿಲೆಯ ಬಂಡೆ. ಅಲ್ಲಿ ಎಂಟು ಹತ್ತು ಅಡಿ ಪೈಪು ಇಳಿಸುವುದೇ ಕಷ್ಟ, ಇಳಿಸಿದರೂ ಬಂಡೆ ವಿದ್ಯುತ್ತನ್ನು ಒಯ್ಯದು. ಅಂಥ ಕಡೆ ಒಂದೇ ಗುಂಡಿಯನ್ನು ನೆಚ್ಚದೆ ಹಲವು ಎಲೆಕ್ಟ್ರೋಡುಗಳನ್ನು, ಅಂದರೆ ನೆಲದಲ್ಲಿ ಹೂಳುವ ಲೋಹದ ಪೈಪು ಅಥವಾ ಸರಳುಗಳನ್ನು, ಅವುಗಳ ಉದ್ದದ ಎರಡು ಪಟ್ಟು ಅಂತರದಲ್ಲಿ ನೆಟ್ಟು, ಲೋಹದ ಪಟ್ಟಿಯಿಂದ ಕೂಡಿಸಬೇಕು. ಹೊಸದಾಗಿ ಕಟ್ಟಿಸುವವರಿಗೆ ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅರಿಝೋನಾದ ಒಣ ನೆಲದಲ್ಲಿ ಮದ್ದುಗುಂಡಿನ ಕೋಠಿಗಳಿಗೆ ಅರ್ಥಿಂಗ್ ಮಾಡಬೇಕಾಗಿ ಬಂದಾಗ, ಹರ್ಬರ್ಟ್ ಉಫರ್ ಎಂಬ ಎಂಜಿನಿಯರ್ ಕಟ್ಟಡದ ತಳಪಾಯದ ಕಾಂಕ್ರೀಟಿನೊಳಗಿನ ಕಬ್ಬಿಣವನ್ನೇ ಎಲೆಕ್ಟ್ರೋಡಾಗಿ ಬಳಸಿದರು. ಕಾಂಕ್ರೀಟು ನೆಲದ ತೇವವನ್ನು ಹೀರಿ ಹಿಡಿದುಕೊಳ್ಳುವುದರಿಂದ ಬಹುಕಾಲದ ನಂತರ ಅಳೆದಾಗಲೂ ರೋಧ ಕಡಿಮೆಯೇ ಇತ್ತು. ನಮ್ಮದೂ ಒಣ ನೆಲ. ಪಾಯದ ಕಬ್ಬಿಣಕ್ಕೆ ಕಾಂಕ್ರೀಟು ಹಾಕುವ ಮುನ್ನ ಒಂದು ಪಟ್ಟಿಯನ್ನು ಬೆಸೆದು ಹೊರಗೆ ತಂದುಕೊಂಡರೆ ಹೆಚ್ಚಿನ ಖರ್ಚಿಲ್ಲದೆ ಕಟ್ಟಡದ ಆಯುಷ್ಯದಷ್ಟು ಬಾಳುವ ಅರ್ಥಿಂಗ್ ದೊರೆಯುತ್ತದೆ. ಪಾಯ ಮುಚ್ಚಿದ ಮೇಲೆ ಆ ಅವಕಾಶ ಮತ್ತೆ ಬರುವುದಿಲ್ಲ. ಆದ್ದರಿಂದ ಎಲೆಕ್ಟ್ರಿಷಿಯನ್ನರನ್ನು ಪ್ಲಾಸ್ಟರಿಂಗ್ ಹೊತ್ತಿಗಲ್ಲ, ಪಾಯದ ಹೊತ್ತಿಗೇ ಕರೆಸಿರಿ.

ಇಲ್ಲಿಯವರೆಗೆ ಹೇಳಿದ್ದು ಲೋಹವನ್ನು ಭೂಮಿಗೆ ಜೋಡಿಸುವ ವಿಷಯ. ಲೋಹವನ್ನು ಲೋಹಕ್ಕೆ ಜೋಡಿಸುವ ಬಾಂಡಿಂಗ್ ಎಂಬ ಇನ್ನೊಂದು ಕೆಲಸವಿದೆ, ಮತ್ತು ನಮ್ಮಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿರುವುದು ಅದೇ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕವನ್ನು ನೋಡಿರಿ. ತಗಡಿನ ಗೂಡು, ಒಳಗೆ ಪಂಪು ಮತ್ತು ಯಂತ್ರ, ಹೊರಗೆ ನಾಣ್ಯ ಹಾಕುವ ಉಕ್ಕಿನ ಪೆಟ್ಟಿಗೆ, ಪಕ್ಕದಲ್ಲಿ ಉಕ್ಕಿನ ನಳ, ಕೆಳಗೆ ಸದಾ ಒದ್ದೆಯಾದ ಕಟ್ಟೆ. ಒಬ್ಬ ತಾಯಿ ಬರಿಗಾಲಲ್ಲಿ ನಿಂತು ಒಂದು ಕೈಯಲ್ಲಿ ನಳಕ್ಕೆ ಕೊಡ ಒಡ್ಡಿ ಇನ್ನೊಂದು ಕೈಯಿಂದ ನಾಣ್ಯ ಹಾಕುತ್ತಾಳೆ. ಪೆಟ್ಟಿಗೆಗೆ ತನ್ನದೇ ಒಂದು ಸಣ್ಣ ಅರ್ಥ್ ರಾಡು ಇದೆ, ನಳದ ಪೈಪು ನೆಲದೊಳಗಿನ ಬೇರೆ ಪೈಪಿಗೆ ಸೇರಿದೆ ಎಂದಿಟ್ಟುಕೊಳ್ಳಿ. ಪೆಟ್ಟಿಗೆಯಲ್ಲಿ ದೋಷ ಉಂಟಾದರೆ, ಮೇಲಿನ ಲೆಕ್ಕದಂತೆ, ಅದು 200 ವೋಲ್ಟಿಗೆ ಏರುತ್ತದೆ, ನಳ ಸೊನ್ನೆಯಲ್ಲಿಯೇ ಇರುತ್ತದೆ. ಆ ತಾಯಿಯ ಎರಡು ಕೈಗಳ ನಡುವೆ, ಎದೆಯ ಮೂಲಕ, 200 ವೋಲ್ಟ್. ಎರಡಕ್ಕೂ ಅರ್ಥಿಂಗ್ ಇದೆ ಎಂದು ಕಡತದಲ್ಲಿ ಬರೆದಿರುತ್ತದೆ, ಬರೆದದ್ದು ಸುಳ್ಳೂ ಅಲ್ಲ.

ಕಾಲುವೆಯ ಎರಡು ತುದಿಗಳಲ್ಲಿ ನೀರಿನ ಮಟ್ಟ ಒಂದೇ ಇದ್ದರೆ ನೀರು ಹರಿಯದು, ವಿದ್ಯುತ್ತಿನದೂ ಅದೇ ನ್ಯಾಯ. ಪೆಟ್ಟಿಗೆ, ನಳ, ಗೂಡಿನ ತಗಡು, ಪಂಪಿನ ಮೈ, ಕಟ್ಟೆಯೊಳಗಿನ ಕಬ್ಬಿಣದ ಜಾಲರಿ ಇವೆಲ್ಲವನ್ನೂ ದಪ್ಪನೆಯ ತಂತಿಯಿಂದ ಪರಸ್ಪರ ಕೂಡಿಸಿ, ಕೂಡಿಸಿದ್ದನ್ನು ಒಂದೇ ಅರ್ಥಿಗೆ ಸೇರಿಸಿದರೆ, ದೋಷ ಬಂದಾಗ ಎಲ್ಲವೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಮುಟ್ಟಿದವರ ಕೈಗಳ ನಡುವೆ, ಕೈಗೂ ಕಾಲಿಗೂ ನಡುವೆ ವೋಲ್ಟೇಜಿನ ಅಂತರ ಅಪಾಯದ ಮಟ್ಟಕ್ಕೆ ಏರುವುದಿಲ್ಲ, ಅಷ್ಟರಲ್ಲಿ ಸಾಧನ ಬಿದ್ದಿರುತ್ತದೆ. ಕಂಪ್ಯೂಟರಿಗೊಂದು, ಗೀಸರಿಗೊಂದು, ಬೋರಿನ ಮೋಟಾರಿಗೊಂದು ಎಂದು ಬೇರೆ ಬೇರೆ ಗುಂಡಿ ತೋಡಿಸಿ, ಅವುಗಳನ್ನು ಒಂದಕ್ಕೊಂದು ಕೂಡಿಸದೆ ಬಿಡುವವರು ಹೆಚ್ಚು ಖರ್ಚು ಮಾಡಿ ಹೆಚ್ಚು ಅಪಾಯವನ್ನೇ ಕೊಂಡುಕೊಂಡಿರುತ್ತಾರೆ. ಗುಂಡಿಗಳು ಎಷ್ಟಾದರೂ ಇರಲಿ, ಎಲ್ಲವೂ ಒಂದೇ ಪಟ್ಟಿಯಲ್ಲಿ ಕೂಡಿರಬೇಕು. ಬಚ್ಚಲಮನೆಯಲ್ಲಿ ಗೀಸರಿನ ಮೈಯನ್ನೂ ಲೋಹದ ಪೈಪುಗಳನ್ನೂ ಹೀಗೆಯೇ ಕೂಡಿಸಬೇಕು. ಹಳೆಯ ಜಿ.ಐ. ಪೈಪಿನ ನಡುವೆ ಪ್ಲಾಸ್ಟಿಕ್ ಪೈಪಿನ ತುಂಡು ಹಾಕಿ ದುರಸ್ತಿ ಮಾಡಿದ್ದರೆ ಅಲ್ಲಿ ಜೋಡಣೆ ಕಡಿದಿದೆಯೆಂದು ತಿಳಿದು ತಂತಿಯಿಂದ ಸೇರಿಸಬೇಕು. ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳು, ಗಂಗಾವತಿ ಮತ್ತು ಕಾರಟಗಿಯ ಅಕ್ಕಿ ಗಿರಣಿಗಳಲ್ಲಿ ಭತ್ತ ಕುದಿಸುವ ಜಾಗಗಳು ಇವೆಲ್ಲ ನೆಲ ಎಂದೂ ಒಣಗದ, ಸುತ್ತಲೂ ಕಬ್ಬಿಣವೇ ಇರುವ ಸ್ಥಳಗಳು. ಅಲ್ಲಿ ದುಡಿಯುವ ಜನರ ಪರವಾಗಿ ಈ ಪರೀಕ್ಷೆಯನ್ನು ಮೊದಲು ಅಲ್ಲಿಂದಲೇ ಆರಂಭಿಸಿರಿ ಎಂದು ಪರಿವೀಕ್ಷಕರಲ್ಲಿ ಕೇಳಿಕೊಳ್ಳುತ್ತೇನೆ.

ಒಂದು ಜೋಡಣೆಯನ್ನು ಮಾತ್ರ ಮನೆಯೊಳಗೆ ಯಾರೂ ತಾವಾಗಿ ಮಾಡಬಾರದು. ಅರ್ಥಿಂಗ್ ಇಲ್ಲದ ಸಾಕೆಟಿನಲ್ಲಿ ಅರ್ಥಿಗೆಂದಿರುವ ಮೇಲಿನ ರಂಧ್ರವನ್ನೂ ನ್ಯೂಟ್ರಲನ್ನೂ ಒಂದು ತುಂಡು ತಂತಿಯಿಂದ ಕೂಡಿಸಿ ಅರ್ಥಿಂಗ್ ಆಯಿತೆನ್ನುವ ಅಭ್ಯಾಸ ಕೆಲವರಲ್ಲಿದೆ. ಕಂಬದಿಂದ ಬರುವ ನ್ಯೂಟ್ರಲ್ ಎಲ್ಲಿಯಾದರೂ ಕಡಿದರೆ, ಆ ಕ್ಷಣದಿಂದ ಮನೆಯ ಫ್ರಿಜ್ಜು, ಕೂಲರು, ವಾಷಿಂಗ್ ಮಷಿನ್ ಎಲ್ಲದರ ಮೈಯೂ ಯಾವ ದೋಷವೂ ಇಲ್ಲದೆ 230 ವೋಲ್ಟಿಗೆ ಏರುತ್ತದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದು ಅದು ಎಲ್ಲಕ್ಕೂ ಮೊದಲು ಕೂಡಿಕೊಂಡು ಎಲ್ಲಕ್ಕೂ ಕೊನೆಗೆ ಬಿಡಬೇಕೆಂದೇ. ಅದನ್ನು ಕತ್ತರಿಸಿ ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ತುರುಕುವುದನ್ನು ದಯವಿಟ್ಟು ಬಿಡಿರಿ. ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತಿರುವ ಉಪಕರಣಗಳು ಇಮ್ಮಡಿ ಹೊದಿಕೆಯವು, ಅವುಗಳಿಗೆ ಮಾತ್ರ ಎರಡು ಪಿನ್ನು ಸಾಕು.

ಹೊಲದ ವಿಷಯ ಬರೆಯದೆ ಈ ಪತ್ರ ಪೂರ್ತಿಯಾಗದು. ಪಂಪ್‌ಸೆಟ್ಟಿಗೆ ಮೂರು ಫೇಸ್ ಮಾತ್ರ ಬಂದು ನ್ಯೂಟ್ರಲ್ ಇಲ್ಲದ ಕಡೆ, ಹೊಲದ ಗುಡಿಸಲಿಗೆ ದೀಪ ಬೇಕಾದ ರೈತರು ಒಂದು ಫೇಸ್ ತೆಗೆದುಕೊಂಡು ಬಲ್ಬಿನ ಇನ್ನೊಂದು ತುದಿಯನ್ನು ನೆಲಕ್ಕೆ ಬಡಿದ ಸರಳಿಗೆ ಕಟ್ಟುತ್ತಾರೆ. ಅವರ ಅಗತ್ಯ ನನಗೆ ಅರ್ಥವಾಗುತ್ತದೆ, ಕತ್ತಲಲ್ಲಿ ಹಾವು ಚೇಳಿನ ನಡುವೆ ನೀರು ಕಟ್ಟುವವರಿಗೆ ಬೆಳಕು ಬೇಕೇ ಬೇಕು. ಆದರೆ ಆ ಸರಳಿನಿಂದ ತಂತಿ ಕಳಚಿಕೊಂಡರೆ ತಂತಿಯ ತುದಿಯಲ್ಲಿ 230 ವೋಲ್ಟ್ ಇರುತ್ತದೆ. ಸರಳು ನೆಟ್ಟಗಿದ್ದಾಗಲೂ ಅದರ ಸುತ್ತಲಿನ ನೆಲದ ಮೇಲೆ ವೋಲ್ಟೇಜು ಹರಡಿರುತ್ತದೆ: ಸರಳಿನ ಬಳಿ ಹೆಚ್ಚು, ಹೆಜ್ಜೆ ಹೆಜ್ಜೆಗೂ ಕಡಿಮೆ. ಮನುಷ್ಯನ ಎರಡು ಕಾಲುಗಳ ನಡುವಿನ ಅಂತರ ಚಿಕ್ಕದು. ಎತ್ತಿನ ಮುಂಗಾಲಿಗೂ ಹಿಂಗಾಲಿಗೂ ನಡುವೆ ಅದಕ್ಕಿಂತ ಹೆಚ್ಚು ಅಂತರವಿದ್ದು, ಹರಿಯುವ ವಿದ್ಯುತ್ತು ಅದರ ಎದೆಯನ್ನು ಹಾದೇ ಹೋಗುತ್ತದೆ. ಮಳೆಗಾಲದಲ್ಲಿ ಟಿ.ಸಿ. ಕಂಬದ ಬಳಿ ಮನುಷ್ಯರು ಅಡ್ಡಾಡಿದ ಜಾಗದಲ್ಲಿಯೇ ಎಮ್ಮೆ, ಎತ್ತುಗಳು ಸಾಯಲು ಕಾರಣ ಇದು. ಕಂಬಕ್ಕಾಗಲಿ, ಅದನ್ನು ಎಳೆದು ನಿಲ್ಲಿಸುವ ಸ್ಟೇ ತಂತಿಗಾಗಲಿ ದನಗಳನ್ನು ಕಟ್ಟಬಾರದು, ಬಟ್ಟೆ ಒಣಹಾಕುವ ಕಬ್ಬಿಣದ ತಂತಿಯನ್ನು ಬಿಗಿಯಬಾರದು. ನೀರಾವರಿ ಸಾಲುಗಳಲ್ಲಿ ಹೊಲದ ಗುಡಿಸಲಿಗೆ ಸುರಕ್ಷಿತವಾದ ಬೆಳಕಿನ ಸಂಪರ್ಕ ಅಥವಾ ಸೌರ ದೀಪ ದೊರೆಯುವಂತೆ ಮಾಡಿದರೆ ನೆಲಕ್ಕೆ ಸರಳು ಬಡಿಯುವ ಪದ್ಧತಿ ತಾನಾಗಿ ನಿಲ್ಲುತ್ತದೆ. ಬರಿಯ ಎಚ್ಚರಿಕೆಯ ಫಲಕದಿಂದ ಅದು ನಿಲ್ಲದು.

ಟಿ.ಸಿ.ಯ ಬುಡದ ಗುಂಡಿ ಇಡೀ ಓಣಿಯ ಗುಂಡಿ. ಅದು ಒಣಗಿದರೆ, ಅದರ ಪಟ್ಟಿಯನ್ನು ಯಾರಾದರೂ ಕದ್ದೊಯ್ದರೆ, ನ್ಯೂಟ್ರಲ್ ಸಡಿಲಾದಾಗ ಒಂದು ಮನೆಗೆ ನೂರೈವತ್ತು, ಪಕ್ಕದ ಮನೆಗೆ ಮುನ್ನೂರು ವೋಲ್ಟ್ ಬಂದು ಉಪಕರಣಗಳು ಸುಡುತ್ತವೆ, ಮನೆಗಳ ರಕ್ಷಣಾ ಲೆಕ್ಕವೂ ತಪ್ಪುತ್ತದೆ. ಪ್ರತಿ ವರ್ಷ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಪ್ರತಿಯೊಂದು ಟಿ.ಸಿ.ಯ ಅರ್ಥಿಂಗನ್ನು ಅಳೆದು, ಅಂಕಿಯನ್ನೂ ದಿನಾಂಕವನ್ನೂ ಕಂಬದ ಮೇಲೆ ಬಣ್ಣದಲ್ಲಿ ಬರೆಯಿಸಬೇಕೆಂಬುದು ಜೆಸ್ಕಾಂಗೆ ನನ್ನ ನೇರ ವಿನಂತಿ. ಓದಬಲ್ಲ ಯಾರು ಬೇಕಾದರೂ ಅದನ್ನು ಓದಿ, ಹಳೆಯದಾಗಿದ್ದರೆ ಲೈನ್‌ಮನ್ನರನ್ನು ಕೇಳುವಂತಾಗಲಿ.

ಸೋರುವಿಕೆ ತಡೆಯುವ ಸಾಧನವನ್ನು ಕಡ್ಡಾಯ ಮಾಡುವ ಕೇಂದ್ರ ನಿಯಮಗಳಲ್ಲಿ ಚಿಕ್ಕ ಹೊರೆಯ ಮನೆಗಳಿಗೆ ವಿನಾಯಿತಿ ಇದೆ. ಚಿಕ್ಕ ಹೊರೆಯ ಮನೆಗಳೆಂದರೆ ಯಾವುವು? ಭಾಗ್ಯಜ್ಯೋತಿಯ ಒಂದೆರಡು ದೀಪದ ಮನೆಗಳು, ತಗಡಿನ ಗೋಡೆ ಮತ್ತು ತಗಡಿನ ಮಾಡು ಇರುವ ಮನೆಗಳು, ಕಂಬದಿಂದ ಬರುವ ತಂತಿಯ ಹೊದಿಕೆ ತಗಡಿನ ಅಂಚಿಗೆ ಉಜ್ಜಿ ಸವೆಯುವ ಮನೆಗಳು. ಮಳೆಯ ರಾತ್ರಿ ಇಡೀ ಮನೆಯೇ ವಿದ್ಯುತ್ತಿನ ಪೆಟ್ಟಿಗೆಯಾಗುವ ಸಾಧ್ಯತೆ ಇರುವುದು ಇಲ್ಲಿಯೇ. ದೇಶದ ನಿಯಮ ಕನಿಷ್ಠವನ್ನು ಹೇಳುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಮಾಡಬಾರದೆಂದು ಹೇಳುವುದಿಲ್ಲ. ಶಕ್ತಿನಗರ, ಯರಮರಸ್ ಮತ್ತು ಕುಡತಿನಿಯ ಶಾಖೋತ್ಪನ್ನ ಕೇಂದ್ರಗಳಿಂದ ಇಡೀ ನಾಡಿಗೆ ವಿದ್ಯುತ್ತು ಕಳಿಸುವ ಈ ಜಿಲ್ಲೆಗಳಲ್ಲಿ, ಸರ್ಕಾರದ ಹಣದಲ್ಲಿ ಕಟ್ಟುವ ಪ್ರತಿಯೊಂದು ಮನೆ, ಅಂಗನವಾಡಿ, ಶಾಲೆ ಮತ್ತು ನೀರಿನ ಘಟಕದ ಅಂದಾಜುಪಟ್ಟಿಯಲ್ಲಿ 30 ಮಿಲಿಆಂಪಿಯರಿನ ಒಂದು ಆರ್‌ಸಿಸಿಬಿ, ಅಳೆದ ಅರ್ಥಿಂಗ್ ಮತ್ತು ತಗಡಿನ ಭಾಗಗಳ ಬಾಂಡಿಂಗ್ ಇವು ಪ್ರತ್ಯೇಕ ಬಾಬತ್ತುಗಳಾಗಿ ಇರಲಿ. ಪ್ರತ್ಯೇಕ ಬಾಬತ್ತಾಗಿ ಬರೆಯದ ಕೆಲಸ ನಡೆಯುವುದಿಲ್ಲ ಎಂಬುದು ಕಡತ ನೋಡುವ ತಮಗೆ ನನಗಿಂತ ಚೆನ್ನಾಗಿ ಗೊತ್ತು.

ಬರುವ ಮಾರ್ಚ್ ತಿಂಗಳಿಗೆ ಮುನ್ನ ಮೂರು ಜಿಲ್ಲೆಗಳ ಅಂಗನವಾಡಿಗಳಲ್ಲಿ ಮತ್ತು ಶುದ್ಧ ನೀರಿನ ಘಟಕಗಳಲ್ಲಿ ಈ ಅಳತೆಯನ್ನು ಮೊದಲ ಹಂತವಾಗಿ ಕೈಗೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಅರ್ಥ್ ಟೆಸ್ಟರ್ ಬಳಸುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಯಾವ ತಾಲ್ಲೂಕಿನಲ್ಲಾದರೂ ವೈರ್‌ಮನ್ನರನ್ನೂ ಪಂಚಾಯಿತಿಯ ನೀರುಗಂಟಿಗಳನ್ನೂ ಒಂದೆಡೆ ಸೇರಿಸಿದರೆ, ನನ್ನ ಖರ್ಚಿನಲ್ಲಿಯೇ ಬಂದು ಕಲಿಸಿಕೊಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ಬೋಧಕ, ಎಲೆಕ್ಟ್ರಿಷಿಯನ್ ವಿಭಾಗ
ರಾಯಚೂರು